ಕಪ್ಪು ಮುದ್ರೆಯಿಲ್ಲದ ಪೊಟ್ಟಣ

ಮಾರ್ಚ್ 3, ಸೋಮವಾರ

ಇವತ್ತೂ ಎವೇಲಿಯೊ ತಟ್ಟೆ ದೂಡಿದ. ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ ನೆನೆಹಾಕಿ, ಬೇಯಿಸಿ ನೀರು ಬಸಿದು, ಮತ್ತೆ ಬೇಯಿಸಿ ಮತ್ತೆ ಬಸಿದು ಮಾಡಿದ್ದೆ. "ಅಕ್ಕಾ, ಒಗೆದ ಬಟ್ಟೆ ಅಗಿದ ಹಾಗಿದೆ" ಅಂದ. ನನ್ನ ಖಾನಾವಳಿಯಲ್ಲಿ ಮಧ್ಯಾಹ್ನವಾದರೆ ಕೂರಲು ಜಾಗವಿರುವುದಿಲ್ಲ. ಬಸ್ ಡ್ರೈವರ್‌ಗಳು ತಟ್ಟೆ ಒರೆಸಿ ತಿಂದು ಹೋಗುತ್ತಾರೆ. ಅಮ್ಮ ಸತ್ತ ಮೇಲೆ ನಾನೇ ಬೆಳೆಸಿದ ತಮ್ಮನಿಗೆ ಮಾತ್ರ ನನ್ನ ಅಡುಗೆ ಗಂಟಲಲ್ಲಿ ಇಳಿಯುವುದಿಲ್ಲ.

ಇಪ್ಪತ್ತಾರು ವರ್ಷ ಅವನಿಗೆ. ಎರಡೂ ಮೂತ್ರಪಿಂಡ ಹೋಗಿವೆ. ಈ ಕೆರೆಯ ದಂಡೆಯಲ್ಲಿ ಇದೇನು ಹೊಸದಲ್ಲ, ನಮ್ಮ ಬೀದಿಯಲ್ಲೇ ಇನ್ನೂ ಕೆಲವರಿದ್ದಾರೆ. ನೀರು ಅಂತಾರೆ, ಹೊಲಕ್ಕೆ ಹೊಡೆಯುವ ಔಷಧಿ ಅಂತಾರೆ, ಸರಿಯಾಗಿ ಗೊತ್ತಿರುವವರು ಯಾರೂ ಇಲ್ಲ. ಮಂಗಳವಾರ, ಶುಕ್ರವಾರ ಪಕ್ಕದ ಪೇಟೆ ಒಕೊತ್ಲಾನ್‌ಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ಅಲ್ಲಿನ ಕ್ಲಿನಿಕ್ಕಿನಲ್ಲಿ ಪಥ್ಯ ಹೇಳುತ್ತಿದ್ದ ಹುಡುಗಿ ಹೆರಿಗೆಗೆ ಹೋದಳು, ಅವಳ ಜಾಗಕ್ಕೆ ಯಾರೂ ಬಂದಿಲ್ಲ. ಗೋಡೆ ಮೇಲೆ ಒಂದು ಹಾಳೆ ಇದೆ. ಬಾಳೆಹಣ್ಣು ಬೇಡ, ಕಿತ್ತಳೆ ಬೇಡ, ಟೊಮೆಟೊ ಬೇಡ, ಬೀನ್ಸ್ ಕಾಳು ಬೇಡ, ಎಳನೀರು ಬೇಡ, ಉಪ್ಪು ಬೇಡ. ಏನು ಬೇಕು ಅಂತ ಅದರಲ್ಲಿ ಇಲ್ಲ.

ಅವನ ತೋಳು ನನ್ನ ಒಂದು ಹಿಡಿಗೆ ಸಿಗುತ್ತದೆ ಈಗ. ಮದುವೆ ಮೆರವಣಿಗೆಗಳಲ್ಲಿ ಟ್ಯೂಬಾದಂಥ ಭಾರದ ಕಹಳೆ ಹೊತ್ತು ಊದುತ್ತಾ ನಡೆದಿದ್ದ ತೋಳು.

ಮಾರ್ಚ್ 7, ಶುಕ್ರವಾರ

ಸಿಕ್ಕಿತು!

ಅವನು ಯಂತ್ರದ ಪಕ್ಕ ಮಲಗಿದ್ದಾಗ ನಾನು ದೊಡ್ಡ ಅಂಗಡಿಗೆ ಹೋಗಿದ್ದೆ. ಸಾಲು ಸಾಲು ಡಬ್ಬ, ಪೊಟ್ಟಣ, ಎಲ್ಲದರ ಮೇಲೂ ಎಂಟು ಮೂಲೆಯ ಕಪ್ಪು ಮುದ್ರೆ. "ಸೋಡಿಯಂ ಅಧಿಕ", "ಸಕ್ಕರೆ ಅಧಿಕ". ಕೆಲವಕ್ಕೆ ಮೂರು ಮೂರು. ಸರ್ಕಾರ ಈ ಮುದ್ರೆ ಹಾಕಿಸಿದ್ದು ನನ್ನಂಥವರಿಗೆ ಒಳ್ಳೆಯದೇ ಆಯಿತು, ಕಪ್ಪು ಕಂಡರೆ ಕೈ ಹಾಕುವ ಹಾಗಿಲ್ಲ. ಕೆಳಗಿನ ಹಲಗೆಯಲ್ಲಿ ಒಂದು ಹಸಿರು ಪೊಟ್ಟಣ. ಕೋಳಿ ಸಾರಿನ ಪುಡಿ. ಟೋಪಿ ಹಾಕಿದ ಕೋಳಿಯ ಚಿತ್ರ, ಪಕ್ಕದಲ್ಲಿ ಕೆಂಪು ಹೃದಯ, "ಸೋಡಿಯಂ ಬಹಳ ಕಡಿಮೆ". ತಿರುಗಿಸಿ ನೋಡಿದೆ, ಎಲ್ಲೂ ಕಪ್ಪು ಮುದ್ರೆ ಇಲ್ಲ. ಹಿಂದಿನ ಪಟ್ಟಿಯಲ್ಲೂ ಕೊಬ್ಬು, ಸಕ್ಕರೆ, ಸೋಡಿಯಂ, ಎಲ್ಲ ಸಣ್ಣ ಸಣ್ಣ ಅಂಕಿ.

ಸಂಜೆ ಅನ್ನಕ್ಕೆ ಒಂದು ಚಮಚ ಹಾಕಿದೆ. ಘಮ ಬರುತ್ತಿದ್ದ ಹಾಗೇ ಅವನು ಕೋಣೆಯಿಂದ ಎದ್ದು ಬಂದ.

"ಏನ್ ಹಾಕಿದ್ದೀಯಾ?"

"ತಿನ್ನೋ ಸುಮ್ನೆ."

ಎರಡು ಸಲ ಬಡಿಸಿಕೊಂಡ. "ಅಮ್ಮನ ಅನ್ನ ಕಣೇ ಇದು" ಅಂದ. ಪಾತ್ರೆಯ ತಳ ಕೆರೆದ. ನಾನು ಒಲೆ ಕಡೆ ತಿರುಗಿಕೊಂಡು ನಿಂತೆ.

ಮಾರ್ಚ್ 14, ಶುಕ್ರವಾರ

ಕ್ಲಿನಿಕ್ಕಿಗೆ ಇನ್ನೂ ಎರಡು ಪೊಟ್ಟಣ ತೆಗೆದುಕೊಂಡು ಹೋದೆ. ಒಂದು ದೊನ್ ಸಬಾಸ್‌ಗೆ. ಕೆರೆಯಲ್ಲಿ ಮೀನು ಹಿಡಿಯುವ ಮುದುಕ, ಕಾಯುವಾಗ ಎಲ್ಲರನ್ನೂ ಕಿಚಾಯಿಸುತ್ತಿರುತ್ತಾನೆ. "ಏನಮ್ಮಾ, ನನ್ನನ್ನ ಮದುವೆ ಆಗೋ ಯೋಚನೆ ಇದ್ಯಾ, ಉಡುಗೊರೆ ಕೊಡ್ತಿದ್ದೀಯಾ?" ಅಂದ.

ಇನ್ನೊಂದು ದೊನ್ಯ ಕ್ಲೋತಿಲ್ದೆಗೆ. ಎವೇಲಿಯೊನ ಪಕ್ಕದ ಕುರ್ಚಿ ಅವರದು. ಮೆತ್ತನೆ ಸ್ವಭಾವದವರು, ಸೂಜಿ ಚುಚ್ಚುವಾಗಲೂ ನರ್ಸಿಗೆ "ದೇವರು ಒಳ್ಳೇದು ಮಾಡ್ಲಿ ಮಗಳೇ" ಅನ್ನುತ್ತಾರೆ. ಅವರ ಮಗಳು ಹೊರ್ತೆನ್ಸಿಯ ನನ್ನ ಕೈ ಹಿಡಿದುಕೊಂಡಳು. "ಅಮ್ಮ ಏನೂ ತಿಂತಿಲ್ಲ ಸೆನೈದಕ್ಕ. ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು." ದಿನಾ ಹಾಕು, ಹೆದರಬೇಡ, ಒಂದೂ ಮುದ್ರೆ ಇಲ್ಲ ನೋಡು ಅಂದೆ. ಪೊಟ್ಟಣ ತಿರುಗಿಸಿ ತೋರಿಸಿದೆ.

ಪಥ್ಯದ ಹುಡುಗಿ ಇಲ್ಲದಿದ್ದರೇನು, ನಾನಿದ್ದೀನಿ ಅನ್ನಿಸಿತು.

ಮಾರ್ಚ್ 18, ಮಂಗಳವಾರ

ರಕ್ತದ ವರದಿ ಬಂತು. ಪೊಟ್ಯಾಸಿಯಂ ಏರಿದೆ. ನರ್ಸ್ ಅವನನ್ನು ಬಿಟ್ಟು ನನ್ನ ಕಡೆ ನೋಡಿದಳು. "ಬಾಳೆಹಣ್ಣು ತಿಂದ್ನಾ? ಎಳನೀರು? ಹೀಗೇ ಏರ್ತಾ ಹೋದ್ರೆ ಹೃದಯ ನಿಂತುಬಿಡುತ್ತೆ, ಗೊತ್ತಲ್ವಾ?"

"ಮನೇಲಿ ಏನೂ ಇಲ್ಲ. ನಾನು ಕೊಟ್ಟಿದ್ದು ಬಿಟ್ಟು ಬೇರೆ ಏನೂ ತಿನ್ನಲ್ಲ ಅವನು" ಅಂದೆ.

"ಹಾಗಾದ್ರೆ ಮನೆ ಹೊರಗೆ ಏನೋ ತಿಂತಿದ್ದಾನೆ."

ಬಸ್ಸಿನಲ್ಲಿ ಕೇಳಿದೆ. ಇಲ್ಲ ಅಂದ. ಇನ್ನೊಮ್ಮೆ ಕೇಳಿದೆ. ಕಿಟಕಿ ಕಡೆ ಮುಖ ತಿರುಗಿಸಿದ. ಸುಳ್ಳು ಹೇಳುವಾಗ ಅವನು ಚಿಕ್ಕಂದಿನಿಂದಲೂ ಹಾಗೇ.

ಮಾರ್ಚ್ 19, ಬುಧವಾರ

ಅವನು ಮಲಗಿದ್ದಾಗ ಅವನ ಸಾಮಾನು ಹುಡುಕಿದೆ. ಟ್ಯೂಬಾದ ಚೀಲದ ಒಳಜೇಬಿನಲ್ಲಿ ಹುಣಸೆ ಮಿಠಾಯಿಯ ಕಾಗದ ಸಿಕ್ಕಿತು. ಮೇಲೆ ಎರಡು ಕಪ್ಪು ಮುದ್ರೆ. ಹುಣಸೆ! ಅದರಲ್ಲಿ ಪೊಟ್ಯಾಸಿಯಂ ಬಿಟ್ಟರೆ ಇನ್ನೇನಿದೆ?

ಯಾರ ಕೆಲಸ ಅಂತ ಹುಡುಕುವುದೇ ಬೇಡ. ಚೌಕದಲ್ಲಿ ತಳ್ಳುಗಾಡಿ ಇಟ್ಟುಕೊಂಡು ಮಾವು, ತೆಂಗು, ಕಲ್ಲಂಗಡಿ ಹೆಚ್ಚಿ ಮಾರುವ ಆ ಹುಡುಗಿ, ಯಾದಿರಾ. ಕಾಯಿಲೆ ಗೊತ್ತಾದ ಮೇಲೂ ಇವನ ಬೆನ್ನು ಬಿಟ್ಟಿಲ್ಲ. ನೇರ ಅಲ್ಲಿಗೇ ಹೋದೆ. ಜನ ನಿಂತಿದ್ದರು, ಇರಲಿ ಅಂದುಕೊಂಡೆ.

"ಅವನನ್ನ ಕೊಲ್ಲಬೇಕು ಅಂತಿದ್ದೀಯಾ?"

ಚಾಕು ಕೆಳಗಿಟ್ಟಳು. "ಏನಾಯ್ತಕ್ಕಾ?"

"ಅಕ್ಕ ಅನ್ಬೇಡ ನನ್ನ. ಇದೇನು?" ಕಾಗದ ಅವಳ ಮುಖದ ಮುಂದೆ ಹಿಡಿದೆ.

"ನಾನು ಕೊಟ್ಟಿದ್ದಲ್ಲ. ಇಲ್ಲಿಗೆ ಬಂದ್ರೆ ಒಂದು ಹೋಳು ಮುಟ್ಟೋಕೂ ಬಿಡಲ್ಲ ನಾನು. ನೀವೇ ಅವನನ್ನ ಕೇಳಿ."

"ಇನ್ನೊಂದ್ಸಲ ನಮ್ಮನೆ ಹೊಸಿಲು ತುಳಿದ್ರೆ ಗಾಡಿ ಸಮೇತ ಕೆರೆಗೆ ಹಾಕಿಸ್ತೀನಿ, ನೋಡ್ತಿರು."

ಅವಳು ಅಳಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಮಾರ್ಚ್ 21, ಶುಕ್ರವಾರ

ಎವೇಲಿಯೊ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ಕಾಲು ಹತ್ತಿಯ ಹಾಗಾಗಿದೆ ಅಂದ, ಮೆಟ್ಟಿಲು ಹತ್ತಲು ಗೋಡೆ ಹಿಡಿದ. ತಿಂದರೆ ಶಕ್ತಿ ಬರುತ್ತದೆ. ಅನ್ನಕ್ಕೆ ಇನ್ನೊಂದು ಚಮಚ ಪುಡಿ ಜಾಸ್ತಿ ಹಾಕಿದೆ. ಮೊಟ್ಟೆಯ ಬಿಳಿಗೂ ಉದುರಿಸಿದೆ. ತಿಂದ.

ಮಾರ್ಚ್ 24, ಸೋಮವಾರ

ಒಕೊತ್ಲಾನ್ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೇನೆ. ಕೈ ಸುಮ್ಮನಿರಲಿ ಅಂತ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಬ್ಬಿಸಲು ಹೋದರೆ ಮಂಚದಿಂದ ಕಾಲು ಇಳಿಸಲಾಗಲಿಲ್ಲ ಅವನಿಗೆ. "ಅಕ್ಕಾ, ಎದೆ ತಡೆದು ತಡೆದು ಹೊಡ್ಕೊತಿದೆ" ಅಂದ. ತುಟಿ ಬಿಳಿಚಿತ್ತು. ಎದುರು ಮನೆಯವರ ಟ್ರಕ್ಕಿನಲ್ಲಿ ಮಲಗಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅವನ ನಾಡಿ ಹಿಡಿದಿದ್ದೆ. ಒಂದು ಬಡಿತ, ಆಮೇಲೆ ಏನೂ ಇಲ್ಲ, ಮತ್ತೆ ಒಂದು.

ಎದೆಗೆ ತಂತಿ ಅಂಟಿಸಿದರು, ಕಾಗದದ ಮೇಲೆ ಗೆರೆ ನೋಡಿದ ಕೂಡಲೇ ಓಡಾಡತೊಡಗಿದರು. ಒಬ್ಬ ಎಳೆಯ ಡಾಕ್ಟರು ಹೊರಗೆ ಬಂದರು.

"ಏನೇನು ತಿಂದ್ರು ಇವರು? ಮುಚ್ಚಿಡ್ಬೇಡಿ."

"ಅನ್ನ. ಮೊಟ್ಟೆಯ ಬಿಳಿ. ಎರಡು ನೀರಲ್ಲಿ ಬೇಯಿಸಿದ ಎಲೆಕೋಸು."

"ಹಣ್ಣು?"

"ಎರಡು ದಿನದಿಂದ ನಾನು ಖಾನಾವಳಿ ಬಾಗಿಲೇ ತೆಗ್ದಿಲ್ಲ. ಅವನ ಪಕ್ಕದಲ್ಲೇ ಇದ್ದೆ. ಹಣ್ಣು ಕಣ್ಣಲ್ಲೂ ನೋಡಿಲ್ಲ."

"ಉಪ್ಪಿನ ಬದಲಿಗೆ ಏನಾದ್ರೂ ಹಾಕ್ತೀರಾ?"

"ಇಲ್ಲ. ಉಪ್ಪೇ ಇಲ್ಲ. ಸಾರಿನ ಪುಡಿ ಹಾಕ್ತೀನಿ ಅಷ್ಟೇ. ಅದರಲ್ಲಿ ಸೋಡಿಯಂ ಇಲ್ಲ, ಮುದ್ರೆಯೂ ಇಲ್ಲ."

ಅವರು ನಿಂತರು. "ಉಪ್ಪಿಲ್ಲದೆ ಉಪ್ಪಿನ ರುಚಿ ಹೇಗೆ ಬಂತು? ಆ ಪೊಟ್ಟಣದ ಹಿಂದೆ ಏನು ಬರೆದಿದೆ ನೋಡಿ ಹೇಳ್ತೀರಾ? ಬೇಗ."

ಪೊಟ್ಟಣ ಮನೆಯಲ್ಲಿತ್ತು. ಎದುರು ಮನೆಯವರು ನನ್ನ ಜೊತೆಗೇ ಇದ್ದರು. ಆ ಹೊತ್ತಿನಲ್ಲಿ ನಮ್ಮ ಬೀದಿಗೆ ಹತ್ತಿರ ಇರುವವರು ಯಾರು ಅಂತ ಯೋಚಿಸಿದರೆ ತಲೆಗೆ ಬಂದದ್ದು ಒಂದೇ ಹೆಸರು, ಯಾದಿರಾ. ಎವೇಲಿಯೊನ ಫೋನಿನಿಂದ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಎವೇ, ಹೇಗಿದ್ದೀಯೋ?"

"ನಾನು. ಸೆನೈದಾ."

ಅವಳು ಕಟ್ ಮಾಡುವ ಮೊದಲೇ ಹೇಳಿಬಿಟ್ಟೆ.

"ಅವನು ಆಸ್ಪತ್ರೇಲಿದ್ದಾನೆ. ನಮ್ಮನೆಗೆ ಹೋಗು. ಬೀಗದ ಕೈ—"

"ಹೂಕುಂಡದ ಕೆಳಗೆ. ಗೊತ್ತು." ಓಡುತ್ತಿದ್ದಳು, ಚಪ್ಪಲಿಯ ಸದ್ದು ಕೇಳುತ್ತಿತ್ತು. ಬಾಗಿಲು. ಹಲಗೆ ಮೇಲೆ ಡಬ್ಬ ಸರಿಸುವ ಸದ್ದು. "ಹಸಿರು ಪೊಟ್ಟಣ ತಾನೇ? ಎಲ್ಲಿ ಓದ್ಲಿ?"

"ಹಿಂದೆ. ಅಂಕಿ ಬೇಡ. ಅದರ ಕೆಳಗೆ, ಸಣ್ಣ ಅಕ್ಷರ."

"ಮಡಿಕೆ ಒಳಗಿದೆ, ತಾಳಿ. ಮೆಕ್ಕೆಜೋಳದ ಹಿಟ್ಟು. ಆಮೇಲೆ ಪೊಟ್ಯಾಸಿಯಂ ಕ್ಲೋರೈಡ್. ಆಮೇಲೆ ಕೋಳಿ ಕೊಬ್ಬು…"

"ಎರಡನೇದು ಇನ್ನೊಂದ್ಸಲ ಓದು."

"ಪೊಟ್ಯಾಸಿಯಂ." ಅಂದಳು. "ಅಕ್ಕಾ, ಇದು ಅದೇ ಅಲ್ವಾ?"

ಡಾಕ್ಟರು ನನ್ನ ಪಕ್ಕದಲ್ಲೇ ಕೇಳಿಸಿಕೊಳ್ಳುತ್ತಿದ್ದರು. "ಪಟ್ಟಿಯಲ್ಲಿ ಮೊದಲು ಬರೆದಿದ್ದು ಜಾಸ್ತಿ ಇರೋದು. ಎರಡನೇ ಸಾಲಲ್ಲೇ ಇದೆ ಅಂದ್ರೆ…" ಪೂರ್ತಿ ಹೇಳದೆ ಒಳಗೆ ಓಡಿದರು.

ಸೋಡಿಯಂ ತೆಗೆದು ಆ ಜಾಗಕ್ಕೆ ಇದನ್ನು ಹಾಕಿದ್ದಾರೆ. ಇದಕ್ಕೆ ಕಪ್ಪು ಮುದ್ರೆ ಇಲ್ಲ. ಅಂಕಿಗಳ ಪಟ್ಟಿಯಲ್ಲಿ ಇದರ ಸಾಲೇ ಇಲ್ಲ. ಎಲ್ಲರಿಗೂ ಮಾಡಿದ ಮುದ್ರೆ ಅದು. ನಾನು ನನ್ನ ತಮ್ಮನಿಗಾಗಿಯೇ ಮಾಡಿದ್ದು ಅಂದುಕೊಂಡಿದ್ದೆ.

ಒಳಗೆ ಯಂತ್ರ ಹಾಕಿದ್ದಾರೆ. ಬಾಗಿಲು ಇನ್ನೂ ತೆರೆದಿಲ್ಲ.

ಮಾರ್ಚ್ 25, ಮಂಗಳವಾರ

ಬದುಕಿದ.

ಕಣ್ಣು ಬಿಟ್ಟು "ಹಸಿವು" ಅಂದ. ಯಾದಿರಾ ಮೊದಲ ಬಸ್ಸಿಗೇ ಬಂದಿದ್ದಳು. ಪೊಟ್ಟಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡಿದ್ದಳು. ಅವಳಿಗೆ ಏನಾದರೂ ಹೇಳಬೇಕು ಅಂತ ಬಾಯಿ ತೆಗೆದೆ. "ತಿಂಡಿ ಆಯ್ತಾ?" ಅಂತ ಬಂತು.

"ಆಗಿಲ್ಲ."

ಇಬ್ಬರೂ ಕಾಫಿ ಕುಡಿಯುತ್ತಿದ್ದಾಗ ನೆನಪಾಯಿತು. ಲೋಟ ಕೆಳಗಿಟ್ಟೆ. ದೊನ್ ಸಬಾಸ್. ದೊನ್ಯ ಕ್ಲೋತಿಲ್ದೆ. ನನ್ನ ಕೈಯಾರೆ ಕೊಟ್ಟಿದ್ದೆ. ದಿನಾ ಹಾಕು ಅಂದಿದ್ದೆ.

ದೊನ್ ಸಬಾಸ್ ಫೋನು ಎತ್ತಿದ. "ಆ ಪುಡೀನಾ? ಏನಮ್ಮಾ ಅದು, ಕೊನೆಗೆ ನಾಲಗೆ ಮೇಲೆ ಕಹಿ ಬರುತ್ತೆ. ಒಂದೇ ದಿನ, ಆಮೇಲೆ ತೆಗೆದು ಎಸೆದೆ. ನಿನ್ನನ್ನ ಮದುವೆ ಆಗಲ್ಲ ನಾನು." ನಗುವುದೋ ಅಳುವುದೋ ತಿಳಿಯಲಿಲ್ಲ. ಹೊರ್ತೆನ್ಸಿಯ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಇವತ್ತು ಮಂಗಳವಾರ, ಡಯಾಲಿಸಿಸ್ ದಿನ. ಕ್ಲಿನಿಕ್ಕಿಗೆ ಓಡಿದೆ. ಅವರ ಕುರ್ಚಿಯಲ್ಲಿ ಬೇರೆ ಯಾರೋ ಇದ್ದರು.

"ಗೊತ್ತಿಲ್ವಾ ನಿಮಗೆ?" ಅಂದಳು ನರ್ಸ್. "ಭಾನುವಾರ ತೀರಿಕೊಂಡ್ರು. ಚರ್ಚಿನ ಪೂಜೆಗೆ ಹೋಗೋಣ ಅಂತ ಬಟ್ಟೆ ಹಾಕ್ಕೊಂಡು ಕೂತಿದ್ದೋರು ಹಾಗೇ. ಹೃದಯ."

ಮಾರ್ಚ್ 26, ಬುಧವಾರ

ಯಾದಿರಾಳನ್ನು ಎವೇಲಿಯೊನ ಹತ್ತಿರ ಬಿಟ್ಟು ಹೊರ್ತೆನ್ಸಿಯಳ ಊರಿಗೆ ಹೋದೆ. ದೋಣಿ ಇಳಿದು ಮೇಲಿನ ಬೀದಿಗೆ ನಡೆಯಬೇಕು. ಎರಡು ಸಲ ತಿರುಗಿ ದೋಣಿಯ ಕಡೆ ನೋಡಿದೆ.

ಸತ್ತವರಿಗಾಗಿ ಮನೆಯಲ್ಲಿ ಜಪ ನಡೆದಿತ್ತು. ಹೆಂಗಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಹೊರ್ತೆನ್ಸಿಯ ಎದ್ದು ಬಂದು ತಬ್ಬಿಕೊಂಡಳು. ಹೆಗಲು ನೆನೆಯುವಷ್ಟು ಅತ್ತಳು.

"ಸೆನೈದಕ್ಕ, ಅಮ್ಮ ಕೊನೇ ದಿನಗಳಲ್ಲಿ ಹೊಟ್ಟೆ ತುಂಬ ತಿಂದು ಹೋದ್ಲು. ಅದು ನಿಮ್ಮಿಂದ. ಅದೊಂದೇ ನನಗೆ ಸಮಾಧಾನ."

ಒಳಗೆ ಕರೆದುಕೊಂಡು ಹೋಗಿ ಕೂರಿಸಿದಳು. ಒಲೆಯ ಪಕ್ಕದ ಹಲಗೆಯಲ್ಲಿ ಹಸಿರು ಪೊಟ್ಟಣ. ಬಾಯಿ ಮಡಿಚಿ ಬಟ್ಟೆ ಕ್ಲಿಪ್ಪು ಹಾಕಿದ್ದಳು, ಅಷ್ಟು ಜೋಪಾನ. ಅವಳು ಪ್ರಾರ್ಥನೆಗೆ ಬಂದವರಿಗೆ ಕಾಫಿ ಕೊಡಲು ಹೋದಳು. ನಾನೊಬ್ಬಳೇ. ಪೊಟ್ಟಣ ತೆಗೆದು ನನ್ನ ಕೈಚೀಲಕ್ಕೆ ಹಾಕಿಕೊಂಡರೆ ಆಗಿಹೋಗುತ್ತಿತ್ತು. ಹೋದವರು ಬರುವುದಿಲ್ಲ, ಇದ್ದವಳ ಸಮಾಧಾನ ಯಾಕೆ ಕೀಳಲಿ? ಕೈಗೆ ತೆಗೆದುಕೊಂಡೆ ಕೂಡ.

ಆಗ ಹೊರ್ತೆನ್ಸಿಯಳ ತಮ್ಮ ಲಾಸರೊ ಬಂದ. ಎವೇಲಿಯೊನಿಗಿಂತ ಚಿಕ್ಕವನು, ಇಟ್ಟಿಗೆ ಭಟ್ಟಿಯಲ್ಲಿ ಕೆಲಸ. ತಟ್ಟೆಗೆ ಅನ್ನ ಹಾಕಿಕೊಂಡು, ನನ್ನ ಕೈಯಿಂದಲೇ ಪೊಟ್ಟಣ ತೆಗೆದುಕೊಂಡು ಮೇಲೆ ಉದುರಿಸಿಕೊಂಡ.

"ನೀನೂ ತಿಂತೀಯಾ ಇದನ್ನ?"

"ನನ್ನ ರಕ್ತದ ವರದಿನೂ ಸರಿ ಬಂದಿಲ್ಲ ಅಕ್ಕಾ. ಉಪ್ಪು ಬಿಡು ಅಂದ್ರು. ಅದಕ್ಕೇ ಹೊರ್ತೆ ಇನ್ನೂ ನಾಲ್ಕು ತಂದಿಟ್ಟಿದ್ದಾಳೆ."

ತಟ್ಟೆ ಕಿತ್ತುಕೊಂಡೆ. ಅನ್ನ ನೆಲದ ಮೇಲೆ ಚೆಲ್ಲಿತು. ಸದ್ದಿಗೆ ಹೊರ್ತೆನ್ಸಿಯ ಬಾಗಿಲಲ್ಲಿ ಬಂದು ನಿಂತಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಹೇಳಿದೆ. ಎಲ್ಲ ಹೇಳಿದೆ: ಎವೇಲಿಯೊ, ಆಸ್ಪತ್ರೆ, ಎರಡನೇ ಸಾಲು. ನಿನ್ನ ಅಮ್ಮ ಇದರಿಂದಲೇ ಹೋದರು ಅಂತ ಯಾರೂ ಹೇಳಲಾರರು, ಇದರಿಂದ ಅಲ್ಲ ಅಂತಲೂ ಹೇಳಲಾರರು ಅಂದೆ.

ಅವಳು ಲಾಸರೊನ ಕೈಯಿಂದ ಪೊಟ್ಟಣ ತೆಗೆದುಕೊಂಡು ತಿರುಗಿಸಿದಳು.

"ನೀನು ತಿರುಗಿಸಿ ತೋರಿಸಿದೆ ನನಗೆ. ಹೆದರಬೇಡ ಅಂದೆ."

"ಹೌದು."

"ನಾನು ನಿನ್ನ ಕೈ ಹಿಡ್ಕೊಂಡೆ."

"ಹೌದು."

"ಹೋಗು" ಅಂದಳು. "ಕಾಫಿ ಕೂಡ ಮುಟ್ಬೇಡ. ಹೋಗು."

ಹೆಂಗಸರು ದಾರಿ ಬಿಟ್ಟರು. ಹಿಂದೆ ಒಂದೊಂದಾಗಿ ಪೊಟ್ಟಣ ಹರಿಯುವ ಸದ್ದು, ಲಾಸರೊ "ಅಕ್ಕಾ, ಸಾಕು, ಸಾಕು" ಅನ್ನುವುದು ಬೀದಿವರೆಗೂ ಕೇಳಿಸಿತು.

ಮಾರ್ಚ್ 28, ಶುಕ್ರವಾರ

ಎವೇಲಿಯೊನನ್ನು ಮನೆಗೆ ಕರೆತಂದೆವು. ಮಂಚದ ಅಂಚಿಗೆ ಕೂತು ಅವನಿಗೂ ಹೇಳಿದೆ. ಡಾಕ್ಟರು ಮೊದಲೇ ಹೇಳಿದ್ದರಂತೆ.

"ನೀನು ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ" ಅಂದ.

"ಬೈಯಿ."

"ಆ ಅನ್ನಕ್ಕೆ ಬೈಯಲ್ಲ. ಚೆನ್ನಾಗಿತ್ತು ಅದು. ಯಾದಿರಾಗೆ ಚೌಕದಲ್ಲಿ ನಿಂತು ಹಾಗಂದ್ಯಲ್ಲ, ಅದಕ್ಕೆ ಬೈಬೇಕು ಅನ್ಸುತ್ತೆ. ಆ ಮಿಠಾಯಿ ಹೋದ ವರ್ಷದ್ದು ಕಣೇ. ಕಾಗದ ವಾಸನೆ ನೋಡೋಕೆ ಇಟ್ಕೊಂಡಿದ್ದೆ, ಅಷ್ಟೇ."

ಅವನ ಹೊದಿಕೆಯ ಅಂಚು ಮಡಿಚತೊಡಗಿದೆ.

"ಇನ್ಮೇಲೆ ನನ್ನ ಬಾಯಿಗೆ ಹೋಗೋದನ್ನ ನಾನೇ ಓದ್ತೀನಿ" ಅಂದ. "ನೀನೂ ಓದು. ಆದ್ರೆ ನನ್ನ ಕೈಗೂ ಕೊಡು."

ಇವತ್ತು ಅವನು ತಿಂದದ್ದು ಕಡಿಮೆ. ಎಷ್ಟು ಅಂತ ನಾನು ನೋಡಲಿಲ್ಲ.

ಏಪ್ರಿಲ್ 2, ಬುಧವಾರ

ಕಂಪನಿಗೆ ಫೋನು ಮಾಡಿದೆ. ಹಾಡು, ಆಮೇಲೆ ಜೇನಿನಂಥ ದನಿಯ ಹೆಂಗಸು.

"ನಿಮ್ಮ ಪುಡಿಯ ಒಂದು ಚಮಚದಲ್ಲಿ ಪೊಟ್ಯಾಸಿಯಂ ಎಷ್ಟಿದೆ?"

"ನಮ್ಮ ಉತ್ಪನ್ನ ಕಾನೂನಿನ ಪ್ರಕಾರ ಇದೆ ಮೇಡಂ. ಅದಕ್ಕೆ ಯಾವ ಮುದ್ರೆಯೂ ಇಲ್ಲ."

"ಅದು ನನಗೂ ಗೊತ್ತು. ಎಷ್ಟಿದೆ?"

"ಆ ಅಂಕಿ ಹಾಕಲೇಬೇಕು ಅಂತ ನಿಯಮ ಇಲ್ಲ ಮೇಡಂ."

"ನಿಯಮ ಕೇಳಲಿಲ್ಲ ನಾನು. ಯಾರಿಗೆ ಗೊತ್ತೋ ಅವರನ್ನ ಕರೀರಿ, ಕಾಯ್ತೀನಿ."

ಹಾಡು ಮತ್ತೆ ಶುರುವಾಯಿತು. ಒಲೆ ಮೇಲಿನ ಸಾರು ಬತ್ತುವವರೆಗೂ ಕಾದೆ. ಫೋನು ಕಟ್ ಆಯಿತು. ನಾಳೆ ಮತ್ತೆ ಮಾಡುತ್ತೇನೆ.

ಏಪ್ರಿಲ್ 8, ಮಂಗಳವಾರ

ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಎದ್ದು ನಿಂತು ಆ ಪುಡಿಯ ವಿಷಯ ಹೇಳಿದೆ. ನರ್ಸ್ "ಇದು ಸಭೆ ಮಾಡೋ ಜಾಗ ಅಲ್ಲಮ್ಮ" ಅಂದಳು. "ನಿಮ್ಮ ಗೋಡೆ ಮೇಲಿನ ಹಾಳೆಯಲ್ಲಿ ಇದಿಲ್ಲ, ಅದಕ್ಕೇ ಹೇಳ್ತಿದ್ದೀನಿ" ಅಂದೆ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪೆನ್ನು ತಂದುಕೊಟ್ಟಳು. "ಬರೆದುಬಿಡಿ. ಯಾರು ಕೇಳಿದ್ರೂ ನಾನೇ ಬರೆದೆ ಅಂತೀನಿ."

ಹೋದ ಶುಕ್ರವಾರ ಎಲ್ಲರಿಗೂ ಮನೆಯ ಪೊಟ್ಟಣಗಳನ್ನು ತನ್ನಿ ಅಂದಿದ್ದೆ. ತಂದಿದ್ದರು. ಯಾದಿರಾ ಫೋನಿನಲ್ಲಿ ಸಣ್ಣ ಅಕ್ಷರ ದೊಡ್ಡದು ಮಾಡಿ ಓದಿದಳು. ಎವೇಲಿಯೊ ಯಂತ್ರದ ಪಕ್ಕದಿಂದಲೇ "ಫಾಸ್ಫೇಟ್ ಇದ್ಯಾ ನೋಡು, ಅದೂ ಕೆಟ್ಟದ್ದು" ಅಂತ ಕೂಗಿದ. ಡಾಕ್ಟರ ಹತ್ತಿರ ಕೇಳಿ ಕೇಳಿ ಕಲಿತಿದ್ದಾನೆ. ಹಸಿರು ಪೊಟ್ಟಣ ಇನ್ನೂ ಇಬ್ಬರ ಮನೆಯಲ್ಲಿತ್ತು. ನಾನು ಕೊಟ್ಟದ್ದಲ್ಲ, ಅವರೇ ಕೊಂಡದ್ದು. ಕಪ್ಪು ಮುದ್ರೆ ಇಲ್ಲ ಅಂತ.

ದೊನ್ ಸಬಾಸ್ ಜೇಬಿನಿಂದ ಚಾಕೊಲೇಟು ತೆಗೆದು ಯಾರಿಗೂ ಕಾಣದಂತೆ ಕಸದ ಬುಟ್ಟಿಗೆ ಹಾಕಿದ. ನಾನು ಕಂಡೆ. ಕಂಡಿಲ್ಲ ಅನ್ನುವ ಹಾಗೆ ಕೂತೆ.

ಏಪ್ರಿಲ್ 15, ಮಂಗಳವಾರ

ಈಸ್ಟರ್ ಮುಂಚಿನ ಪವಿತ್ರ ವಾರ, ಖಾನಾವಳಿ ಕಿಕ್ಕಿರಿದಿತ್ತು. ಎವೇಲಿಯೊನ ಜೊತೆ ಯಾದಿರಾ ಒಕೊತ್ಲಾನ್‌ಗೆ ಹೋಗಿದ್ದಳು, ಅವಳೇ ಬರಲಿ ಅಂತ ಅವನೇ ಹೇಳಿದ. ನಾನು ಮೆಕ್ಕೆಜೋಳದ ಟೊರ್ಟಿಯಾ ರೊಟ್ಟಿ ತಟ್ಟುತ್ತಾ ತಲೆ ಎತ್ತಿದರೆ ಬಾಗಿಲಲ್ಲಿ ಹೊರ್ತೆನ್ಸಿಯ. ಕಪ್ಪು ಬಟ್ಟೆ. ಮೂಲೆಯ ಮೇಜಿಗೆ ಬಂದು ಕೂತಳು.

ಕೈ ಒರೆಸಿಕೊಂಡು ಹೋದೆ. ತಟ್ಟೆ ಇಡಲೋ ಬೇಡವೋ ತಿಳಿಯದೆ ಸೂಪು ತಂದಿಟ್ಟೆ. ಅವಳು ಚಮಚ ಮುಟ್ಟಲಿಲ್ಲ.

"ಇದರಲ್ಲಿ ಏನೇನಿದೆ?"

"ಕುಂಬಳ. ಈರುಳ್ಳಿ. ಬೆಳ್ಳುಳ್ಳಿ. ಎಣ್ಣೆ. ಕೊತ್ತಂಬರಿ. ಉಪ್ಪು ಇದೆ, ಉಪ್ಪೇ. ಇನ್ನೇನೂ ಇಲ್ಲ."

"ಇನ್ನೇನೂ?"

"ಇನ್ನೇನೂ ಇಲ್ಲ."

ತಿಂದಳು. ಪೂರ್ತಿ ತಿಂದಳು. ಆಮೇಲೆ ತಟ್ಟೆ ನೋಡುತ್ತಲೇ ಅಂದಳು, "ನಿನ್ನನ್ನ ಕ್ಷಮಿಸೋಕೆ ಬಂದಿಲ್ಲ ನಾನು."

"ಗೊತ್ತು."

"ಲಾಸರೊ ಏನೂ ತಿಂತಿಲ್ಲ. ನಾನು ಏನು ಇಟ್ರೂ ಹೆದರ್ತಾನೆ. ನನಗೂ ಹೆದರಿಕೆ." ತಟ್ಟೆ ಪಕ್ಕಕ್ಕೆ ಸರಿಸಿದಳು. "ಅವನಿಗೆ ಏನು ಮಾಡಿ ಹಾಕ್ಲಿ? ನೀನು ಹೇಳು."

ಒಳಗಿನಿಂದ ಯಾರೋ ಟೊರ್ಟಿಯಾಕ್ಕೆ ಕೂಗುತ್ತಿದ್ದರು. ನಾನು ಇನ್ನೊಂದು ಕುರ್ಚಿ ಎಳೆದುಕೊಂಡೆ.

"ನನಗೆ ಗೊತ್ತಿಲ್ಲ" ಅಂದೆ. "ಅವನ ರಕ್ತದ ವರದಿ ನೋಡ್ಬೇಕು, ಡಾಕ್ಟರನ್ನ ಕೇಳ್ಬೇಕು. ಅವನಿಗೆ ಏನು ಇಷ್ಟ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ.

"ಮೀನು" ಅಂದಳು. "ನಿಂಬೆ ಹಿಂಡಿ ಹುರಿದ ಮೀನು. ಅಮ್ಮ ಮಾಡ್ತಿದ್ಲು." ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಮತ್ತೆ ಕೂಗಿದರು. "ಕಾಯ್ರೀ, ಬರ್ತೀನಿ" ಅಂತ ನಾನೂ ಕೂಗಿದೆ, ಎದ್ದು ಹೋಗಲಿಲ್ಲ. ಅವಳ ಅಳು ಮುಗಿಯುವವರೆಗೆ ಪಕ್ಕದಲ್ಲೇ ಕೂತಿದ್ದೆ.